ಮಡಿಕೇರಿ ಮನೆಯ ಹಿಂದಿನ ಗೋಡೆ

“ಗ್ವಾಡಿ ಬಸುರಿ ಆದಂಗ ಆಗೈತ್ರಿ ಅಕ್ಕಾರ,” ಎಂದು ಯಶೋಧಾ ಫೋನಿನಲ್ಲಿ ನಕ್ಕಳು. “ಹಿತ್ತಲ ಗ್ವಾಡಿ. ಹೊಟ್ಟಿ ಮುಂದಕ್ಕ ಬಂದೈತಿ. ನಮ್ಮತ್ತಿ ದಿನಾ ಅರಿಷಿಣ ಕುಂಕುಮ ಹಚ್ಚತಾಳಲ್ಲ, ಇನ್ನ ಕುಬಸ ಮಾಡೂದೊಂದು ಬಾಕಿ ಐತಿ.”

ಗೋಡೆಗೆ ಸೀಮಂತವೆಂದು ನಾನೂ ನಕ್ಕೆ. ಹೆರಿಗೆ ವಾರ್ಡಿನಲ್ಲಿ ವಯಸ್ಸು ಕಳೆದವಳು ನಾನು, ಬಸುರಿನ ಮಾತು ಬಂದರೆ ನಗು ತಾನಾಗಿ ಬರುತ್ತದೆ. ನಕ್ಕು ಮುಗಿದ ಮೇಲೆ, ಹೊಟ್ಟೆ ಎಷ್ಟು ಮುಂದೆ ಬಂದಿದೆ ಎಂದು ಸುಮ್ಮನೆ ಕೇಳಿದೆ. ಅಷ್ಟೇನಿಲ್ಲ, ಒಂದು ಗೇಣು ಇದ್ದೀತು ಎಂದಳು. ಮಳೆ ನಿಂತೇ ಇಲ್ಲವಂತೆ, ಬಟ್ಟೆ ಒಣಗದೆ ಮನೆಯೆಲ್ಲ ಮುಗ್ಗಲು ವಾಸನೆಯಂತೆ, ಕೆಳಗಿನ ಮನೆಯವರು ಬೀಗ ಹಾಕಿಕೊಂಡು ನೆಂಟರ ಊರಿಗೆ ಹೋದರಂತೆ. ತೊಟ್ಟಿಗೆ ಬೀಳುವ ನೀರು ಕಮ್ಮಿಯಾಗಿದೆ, ಬಣ್ಣ ಚಹಾದ ಹಾಗೆ ಆಗಿದೆ ಎಂಬುದನ್ನು ಎಲ್ಲಕ್ಕಿಂತ ಕೊನೆಗೆ, ಫೋನ್ ಇಡುವ ಹೊತ್ತಿಗೆ ಹೇಳಿದಳು. ಬೆಳಗಿನ ಹೊತ್ತು, ನಾನು ಕೊಟ್ಟೂರಿನ ನಮ್ಮ ಅಂಗಳದಲ್ಲಿ ನಿಂತಿದ್ದೆ. ಆಷಾಢದ ಗಾಳಿ ಕೆಂಪು ಧೂಳು ಎಬ್ಬಿಸುತ್ತಿತ್ತು. ಮೋಡ ಬರುವುದು, ಹೋಗುವುದು. ಹನಿ ಮಾತ್ರ ಇಲ್ಲ. ಇಲ್ಲಿ ನಿಂತು ಅಲ್ಲಿಯ ಮಳೆಯನ್ನು ಮನಸ್ಸಿಗೆ ತಂದುಕೊಳ್ಳುವುದು ಕಷ್ಟ.

ಯಶೋಧಾ ನಮ್ಮ ಮಡಿಕೇರಿ ಮನೆಯಲ್ಲಿ ಬಾಡಿಗೆಗೆ ಇರುವವಳು. ಅವಳ ಗಂಡ ಹುಲುಗೇಶ ಅಲ್ಲೊಂದು ರೆಸಾರ್ಟಿನ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾನೆ. ಅವನ ತಾಯಿ ಗಾದೆಮ್ಮ ಮೊಣಕಾಲು ಹಿಡಿದುಕೊಂಡು ಮನೆಯಲ್ಲಿರುತ್ತಾಳೆ, ಮಲಗುವುದು ಹಿಂದಿನ ಕೋಣೆಯಲ್ಲಿ. ಮೂವರೂ ನಮ್ಮ ಕಡೆಯವರೇ, ತಂಬ್ರಹಳ್ಳಿಯವರು. ನಾವು ಮನೆ ಕೊಳ್ಳುವಾಗಲೇ ಅವರು ಅದರಲ್ಲಿದ್ದರು. ಅಷ್ಟು ದೂರದ ಊರಲ್ಲಿ ಬಾಗಿಲು ತೆರೆದ ಹೆಂಗಸು “ಬರ್ರಿ, ಒಳಗ ಬರ್ರಿ” ಅಂದಾಗ ನನ್ನ ಗಂಡನಿಗೆ ಅರ್ಧ ಮನಸ್ಸು ಅಲ್ಲೇ ಆಗಿಹೋಗಿತ್ತು.

ನನ್ನ ಗಂಡ ಭೀಮರಾಜ. ಹೈಸ್ಕೂಲಿನಲ್ಲಿ ಪೀಟಿ ಮಾಸ್ತರು. ಬರುವ ವರ್ಷ ರಿಟೈರು. ನಾನು ಸರ್ಕಾರಿ ಆಸ್ಪತ್ರೆಯ ನರ್ಸು, ನನಗೂ ಬಹಳ ಉಳಿದಿಲ್ಲ. ಯಾವ ಕಾಲದಲ್ಲೋ ಇವರು ಶಾಲೆಯ ಮಕ್ಕಳನ್ನು ಮಡಿಕೇರಿಗೆ ಪ್ರವಾಸ ಕರೆದುಕೊಂಡು ಹೋಗಿದ್ದರು. ಬಂದವರು ಚಪ್ಪಲಿ ಕಳಚುವ ಮೊದಲೇ ಹೇಳಿದ್ದು, ಅಲ್ಲಿ ಬೆವರೇ ಬರುವುದಿಲ್ಲ ಎಂದು. ಜೀವಮಾನವೆಲ್ಲ ಬಯಲಿನಲ್ಲಿ ಸೀಟಿ ಹಿಡಿದು ಬಿಸಿಲಲ್ಲಿ ನಿಂತ ಮನುಷ್ಯನಿಗೆ ಅದೊಂದು ಸ್ವರ್ಗದ ಸುದ್ದಿ. ಅವತ್ತಿನಿಂದ ಅದೇ ಧ್ಯಾನ. ರಿಟೈರಾಗುವ ಮೊದಲೇ ಅಲ್ಲೊಂದು ಮನೆ ಕೊಳ್ಳುವುದು, ಅಲ್ಲಿಯವರೆಗೆ ಬಾಡಿಗೆಗೆ ಬಿಡುವುದು, ಆಮೇಲೆ ನಮಗೊಂದು ಕೋಣೆ ಇಟ್ಟುಕೊಂಡು ಉಳಿದದ್ದನ್ನು ಪ್ರವಾಸಿಗರಿಗೆ ಕೊಡುವುದು; ಬೆಳಿಗ್ಗೆ ನಾನು ರೊಟ್ಟಿ ಬಡಿಯುವುದು, ಇವರು ಮಂಕಿಕ್ಯಾಪು ಹಾಕಿಕೊಂಡು ಬಂದವರಿಗೆ ಚಹಾ ಕೊಡುವುದು. ಹರಪನಹಳ್ಳಿಯಲ್ಲಿರುವ ನನ್ನ ನಾದಿನಿ ಕನಕಮ್ಮ ಇದನ್ನು ಕೇಳಿ, ಇಲ್ಲಿ ಬಿಸಿಲು ಪುಕ್ಕಟೆ ಇರುವಾಗ ಅಲ್ಲಿ ಹೋಗಿ ಚಳಿಯನ್ನು ರೊಕ್ಕ ಕೊಟ್ಟು ಕೊಳ್ಳುವವರು ನೀವೇ ಇರಬೇಕು ಎಂದು ಆಡಿಕೊಂಡಳು. ಇವರು ಅದಕ್ಕೂ ನಕ್ಕರು. ಕನಸು ಕಟ್ಟಿಕೊಂಡವರಿಗೆ ಚುಚ್ಚುಮಾತು ನಾಟುವುದಿಲ್ಲ.

ಶಿವರಾತ್ರಿಯ ಆಸುಪಾಸಿನಲ್ಲಿ ನಾವು ಮನೆ ನೋಡಲಿಕ್ಕೆ ಹೋಗಿದ್ದು. ರಸ್ತೆಯಿಂದ ಓರೆಯಾಗಿ ಮನೆಯ ಮಗ್ಗುಲಿಗೆ ಇಳಿಯುವ ಮೆಟ್ಟಿಲು, ಮುಂದೆ ಕಣಿವೆ, ಹಿಂದೆ ಗುಡ್ಡ. ಗುಡ್ಡವನ್ನು ಜೇಸೀಬಿಯಿಂದ ನೆಟ್ಟಗೆ ಕಡಿದು ಮನೆಗೆ ಜಾಗ ಮಾಡಿದ್ದರು. ಕಡಿದ ಮಣ್ಣು ಜಾರದ ಹಾಗೆ ಕಲ್ಲು ಸಿಮೆಂಟಿನ ಗೋಡೆಯೊಂದನ್ನು ಎಬ್ಬಿಸಿದ್ದರು, ಎರಡಾಳು ಎತ್ತರ. ಆ ಗೋಡೆಗೂ ಹಿಂದಿನ ಕೋಣೆಗೂ ನಡುವೆ ಒಬ್ಬರು ನಡೆದು ಹೋಗುವಷ್ಟು ಸಂದು. ಗೋಡೆಯಲ್ಲಿ ಅಲ್ಲೊಂದು ಇಲ್ಲೊಂದು ಪ್ಲಾಸ್ಟಿಕ್ ಕೊಳವೆಯ ತುಂಡುಗಳನ್ನು ಸಿಕ್ಕಿಸಿದ್ದರು. ಅವುಗಳ ಬಾಯಿಂದ ಆ ಬೇಸಿಗೆಯಲ್ಲೂ ನೀರು ತೊಟ್ಟಿಕ್ಕುತ್ತಿತ್ತು. ತೊಟ್ಟಿಕ್ಕಿದ ನೀರು ಚರಂಡಿ ಹಿಡಿದು ಕಣಿವೆಗೆ ಹೋಗುತ್ತಿತ್ತು.

ನನ್ನ ಗಂಡ ಅಲ್ಲೇ ನಿಂತುಬಿಟ್ಟರು. ನಮ್ಮೂರಲ್ಲಿ ಬೋರು ಕೊರೆಸಿದರೆ ಎಂಟುನೂರು ಅಡಿಯವರೆಗೂ ಹಿಟ್ಟಿನಂಥ ಧೂಳು ಹಾರುತ್ತದೆ. ನಿಂತವರೆಲ್ಲ ಮುಖ ಬಿಳಿ ಮಾಡಿಕೊಂಡು ಮನೆಗೆ ಹೋಗುತ್ತಾರೆ. ಇಲ್ಲಿ ನೋಡಿದರೆ ಯಾರೂ ಕೇಳದೆ, ಕರೆಂಟಿಲ್ಲದೆ, ಮೋಟರಿಲ್ಲದೆ ಗಂಗಮ್ಮ ತಾನೇ ಗೋಡೆ ಒಡೆದು ಬಂದಿದ್ದಾಳೆ. ಇವರು ಚಪ್ಪಲಿ ಬಿಟ್ಟು, ಬೊಗಸೆಯಲ್ಲಿ ನೀರು ಹಿಡಿದು ತಲೆಗೆ ಹಾಕಿಕೊಂಡರು. ನಾನೂ ಕೈ ಮುಗಿದೆ. ಮನೆ ಮಾರುವ ಯಜಮಾನರು ನಮ್ಮ ಹಿಂದೆ ನಿಂತಿದ್ದರು. ಅವರು ನಮ್ಮನ್ನೇ ನೋಡುತ್ತಿದ್ದು, ಸ್ವಲ್ಪ ಹೊತ್ತಾದ ಮೇಲೆ, ನೀರಿಗೇನೂ ತೊಂದರೆ ಇಲ್ಲ ಎಂದರು. ಅಷ್ಟೇ ಅಂದರು.

ಮನೆ ನಮ್ಮ ಹೆಸರಿಗೆ ಆಯಿತು. ಆದ ಮೇಲೆ ಆ ನೀರು ಸುಮ್ಮನೆ ಚರಂಡಿಗೆ ಹೋಗುವುದು ಇವರ ನಿದ್ದೆ ಕೆಡಿಸಿತು. ಬೀದಿ ನಲ್ಲಿ ಸೋರುತ್ತಿದ್ದರೆ ಸೈಕಲ್ ನಿಲ್ಲಿಸಿ ಬಟ್ಟೆ ಸುತ್ತಿ ಬರುವ ಮನುಷ್ಯ. ಮೇ ರಜೆಯಲ್ಲಿ ನಮ್ಮೂರ ಮೇಸ್ತ್ರಿ ಮಂಜಣ್ಣನನ್ನೇ ಕಟ್ಟಿಕೊಂಡು ಹೋದರು. ಅಲ್ಲಿಯ ಮೇಸ್ತ್ರಿಗಳ ಕೂಲಿ ಜಾಸ್ತಿ, ಅವರ ಮಾತು ನಮಗೆ ತಿಳಿಯುವುದಿಲ್ಲ ಎಂದು ನೆವ. ಮಂಜಣ್ಣ ಗೋಡೆ ನೋಡಿ ಎರಡು ಮಾತಾಡಲಿಲ್ಲ. ಹತ್ತು ಬಾಯಿಂದ ಸೋರುವುದನ್ನು ಒಂದು ಬಾಯಿಂದ ಬರುವ ಹಾಗೆ ಮಾಡಿದರೆ ತೊಟ್ಟಿ ತುಂಬುತ್ತದೆ ಎಂದ. ಮೇಲಿನ ಕೊಳವೆಗಳಿಗೆಲ್ಲ ಸಿಮೆಂಟು ಗಿಡಿದು ಮುಚ್ಚಿದ, ಬುಡದ ಒಂದನ್ನು ಬಿಟ್ಟ, ಅದರ ಕೆಳಗೆ ತೊಟ್ಟಿ ಕಟ್ಟಿದ. ತೊಟ್ಟಿ ತುಂಬಿದ ದಿನ ನಾನೂ ಹೋಗಿದ್ದೆ. ಹಸಿರು ಬಳೆ, ಅರಿಷಿಣ, ಕಾಯಿ ಎಲ್ಲ ಇಟ್ಟು ಗಂಗೆ ಪೂಜೆ ಮಾಡಿದೆವು. ಗಾದೆಮ್ಮ ಗಂಗಮ್ಮನ ಪದ ಹಾಡಿದಳು, ಅಷ್ಟು ಮೊಣಕಾಲು ನೋವಿನಲ್ಲೂ ನೆಲಕ್ಕೆ ಕೂತು. ಮಂಜಣ್ಣನಿಗೆ ಹೊಸ ಟವೆಲ್ಲು ಹೊದಿಸಿದೆವು. ಅವತ್ತು ಅಲ್ಲಿ ಕೈ ಮುಗಿದು ನಿಂತವರಲ್ಲಿ ಗುಡ್ಡದ ಮಗ್ಗುಲಲ್ಲಿ ಹುಟ್ಟಿ ಬೆಳೆದವರು ಒಬ್ಬರೂ ಇರಲಿಲ್ಲ.

ಆಮೇಲೆ ಇನ್ನೊಂದು ಕೆಲಸವಾಯಿತು. ಜೂನಿನಲ್ಲಿ ಇವರು ಹುಲುಗೇಶನಿಗೆ ಫೋನ್ ಮಾಡಿ, ರಿಟೈರಾಗುವ ಮೊದಲೇ ಪ್ರವಾಸಿಗರಿಗೆ ಅಣಿ ಮಾಡಿಸಬೇಕು, ದಸರೆ ಮುಗಿದ ಮೇಲೆ ಮನೆ ನಮಗೆ ಬೇಕು, ಈಗಿಂದಲೇ ಬೇರೆ ಕಡೆ ನೋಡಿಕೋ ಎಂದರು. ಮೊದಲೇ ಹೇಳುವುದು ಮರ್ಯಾದೆ ಎಂಬುದು ಇವರ ಲೆಕ್ಕ. ಆ ಊರಲ್ಲಿ ಕೆಲಸದವರಿಗೆ ಮನೆ ಸಿಗುವುದಿಲ್ಲ. ಇದ್ದಬದ್ದ ಕೋಣೆಗೆಲ್ಲ ಬಣ್ಣ ಬಳಿದು ಪ್ರವಾಸಿಗರಿಗೆ ಕೊಡುತ್ತಾರೆ. ಅದಾದ ಮೇಲೆ ಯಶೋಧಾ ಸುಮಾರು ದಿನ ನನಗೆ ಫೋನ್ ಮಾಡಲಿಲ್ಲ. ಮತ್ತೆ ಮಾಡಿದ್ದು ಗೋಡೆ ಬಸುರಾದ ಸುದ್ದಿ ಹೇಳಲಿಕ್ಕೆ.

ಇವರಿಗೆ ಆ ಸುದ್ದಿ ಹೇಳಿದೆ. ಮಳೆಗಾಲದಲ್ಲಿ ಗೋಡೆಗೆ ಮೆತ್ತಿದ ಗಿಲಾವು ಉಬ್ಬುತ್ತದೆ, ಬೇಸಿಗೆಗೆ ಮಂಜಣ್ಣನನ್ನು ಕರೆದುಕೊಂಡು ಹೋಗೋಣ ಎಂದು ಶಾಲೆಗೆ ಹೋದರು. ನಾನು ಆಸ್ಪತ್ರೆಗೆ ಹೋದೆ.

ಮಧ್ಯಾಹ್ನ ತೊಡೆಯಲ್ಲಿ ಕುರು ಎದ್ದು ಕೀವು ತುಂಬಿದ ಒಬ್ಬನನ್ನು ಕರೆತಂದರು. ನಾಟಿ ಔಷಧಿಯ ಪಟ್ಟಿ ಬಿಗಿಯಾಗಿ ಹಾಕಿ ಬಾಯಿ ಮುಚ್ಚಿಬಿಟ್ಟಿದ್ದರು. ಕೀವು ಹೊರಗೆ ಬರಲಿಕ್ಕೆ ದಾರಿಯಿಲ್ಲದೆ ಒಳಗೊಳಗೇ ಹಬ್ಬಿ ತೊಡೆ ಮಿರಿಮಿರಿ ಹೊಳೆಯುತ್ತಿತ್ತು. ಡಾಕ್ಟರು ಕೊಯ್ದರು. ಕೊಯ್ದ ಮೇಲೆ ಗಾಯದ ಬಾಯಿ ಕೂಡದ ಹಾಗೆ ಅದರೊಳಗೆ ಬಟ್ಟೆಯ ಬತ್ತಿ ಇಡಬೇಕು. ಒಳಗಿನ ನೀರು ಬತ್ತಿ ಹಿಡಿದು ಹೊರಗೆ ಬರುತ್ತಿದ್ದರೆ ಮಾತ್ರ ಗಾಯ ಮಾಯುತ್ತದೆ. ಸಾವಿರ ಸಲ ಇಟ್ಟಿದ್ದೇನೆ. ಇಕ್ಕಳದಲ್ಲಿ ಬತ್ತಿ ಹಿಡಿದು ಬಗ್ಗಿದವಳು ಹಾಗೇ ನಿಂತುಬಿಟ್ಟೆ.

ಆ ಕೊಳವೆಗಳು ನಮಗೆ ನೀರು ಕೊಡಲಿಕ್ಕೆ ಇಟ್ಟವಲ್ಲ. ಗೋಡೆ ನಿಲ್ಲಲಿಕ್ಕೆ ಇಟ್ಟವು. ಗುಡ್ಡ ಕುಡಿದ ನೀರನ್ನು ಒಂದೊಂದೇ ಹನಿ ಹೊರಗೆ ಬಿಡಲಿಕ್ಕೆ ಇಟ್ಟವು. ನಾವು ಬುಡದ ಒಂದನ್ನು ಬಿಟ್ಟು ಎಲ್ಲಕ್ಕೂ ಸಿಮೆಂಟು ಗಿಡಿದು, ಮೇಲೆ ಬಳೆ ಇಟ್ಟು ಬಂದಿದ್ದೆವು. ಈಗ ಆ ಒಂದು ಬಾಯಿಗೂ ಮಣ್ಣು ಕಟ್ಟಿಕೊಳ್ಳುತ್ತಿದೆ. ಮಳೆಯೆಲ್ಲ ಗೋಡೆಯ ಹಿಂದೆ ನಿಂತಿದೆ. ಗೋಡೆಯ ಈಚೆ ಒಬ್ಬರು ನಡೆಯುವಷ್ಟು ಸಂದು. ಆಮೇಲೆ ಗಾದೆಮ್ಮನ ಮಂಚ.

ಯಾಕ ಸಿಸ್ಟರ್ ನಿಂತ್ರಿ ಎಂದು ಮಲಗಿದ್ದವನು ಕೇಳಿದ. ಕೈ ತಾನೇ ಕೆಲಸ ಮುಗಿಸಿತು.  ಹೊರಗೆ ಬಂದು ಯಶೋಧಾಗೆ ಫೋನ್ ಹಚ್ಚಿದೆ. ಹತ್ತಲಿಲ್ಲ. ಮತ್ತೆ ಹಚ್ಚಿದೆ. ಡ್ಯೂಟಿಯನ್ನು ಇನ್ನೊಬ್ಬಳಿಗೆ ಒಪ್ಪಿಸಿ ಮನೆಗೆ ಬಂದೆ, ಬಂದದ್ದು ನಡೆದೋ ಓಡಿಯೋ ನೆನಪಿಲ್ಲ.

ಇವರು ಅಷ್ಟೊತ್ತಿಗೆ ಶಾಲೆಯಿಂದ ಬಂದು ಅಂಗಳದಲ್ಲಿ ಕಾಲು ತೊಳೆಯುತ್ತಿದ್ದರು. ಗಾಯದ ಕತೆ ಹೇಳಿ, ಗೋಡೆಯ ಕತೆ ಹೇಳಿದೆ. ಮೊದಲು ತಲೆ ಅಲ್ಲಾಡಿಸಿದರು, ಹಂಗೇನಾಗಲ್ಲ ಎಂದರು. ಆಮೇಲೆ ಚೊಂಬು ಕೆಳಗಿಟ್ಟರು. ಆಮೇಲೆ ಮೆಟ್ಟಿಲ ಮೇಲೆ ಕೂತರು. ಮುಖದ ಮೇಲಿನ ರಕ್ತ ಇಳಿಯುವುದು ಹೇಗೆಂದು ನನಗೆ ಗೊತ್ತು. ದಿನಾ ನೋಡುವ ಕೆಲಸ. ಆದರೆ ಈ ಮುಖದ ಮೇಲೆ ಹಾಗೆ ಇಳಿದದ್ದನ್ನು ನೋಡಿರಲಿಲ್ಲ. ಹುಲುಗೇಶನಿಗೆ ಫೋನ್ ಹಚ್ಚಿದರು. ಅವನಿಗೆ ಅವತ್ತು ರಜೆ, ಮನೆಯಲ್ಲೇ ಇದ್ದ. ಇವರು ಆಡಿದ ಮೊದಲ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ.

“ಹುಲುಗೇಶ, ಮನ್ಯಾಗ ಉಳಿ ಸುತ್ತಿಗಿ ಅದಾವೇನಪಾ? ಹಿತ್ತಲಕ್ಕ ಹೋಗು. ಮಂಜಣ್ಣ ಸಿಮೆಂಟ್ ಹಾಕ್ಯಾನಲ್ಲ, ಆ ಕೊಳವಿ ಬಾಯಿ ಅಷ್ಟೂ ಒಡದು ಬಿಚ್ಚು. ಒಳಗಿನ ನೀರು ಹೊರಗ ಬಂದ್ರ ಗ್ವಾಡಿ ಉಳಿತೈತಿ.”

ಆ ಹುಡುಗ ಯಾವ ಕೆಲಸಕ್ಕೂ ಇಲ್ಲವೆನ್ನುವವನಲ್ಲ. ಈಗ ಹೋಗ್ತೀನ್ರಿ ಸರ್ ಎಂದ. ನಾನು ಫೋನ್ ಕಸಿದುಕೊಂಡೆ. ಗೇಣು ಮುಂದೆ ಬಂದ ಗೋಡೆ, ಅದರ ಹಿಂದೆ ಒಂದು ಗುಡ್ಡದ ನೀರು, ಅದರ ಮುಂದೆ ಆ ಸಂದಿನಲ್ಲಿ ನಿಂತು ಸುತ್ತಿಗೆಯಲ್ಲಿ ಹೊಡೆಯುವುದು. ಹಿತ್ತಲ ಕಡೆ ಕಾಲಿಡಬೇಡ, ತಾಯಿ ಹೆಂಡತಿಯನ್ನು ಕರೆದುಕೊಂಡು ಈಗಿಂದೀಗ ಮನೆ ಬಿಟ್ಟು ರಸ್ತೆಯ ಮೇಲೆ ಹೋಗು ಎಂದೆ. ಗೋಡೆ ಬೀಳಬಹುದು ಎಂದೆ. ಅತ್ತ ಕಡೆ ತಗಡಿನ ಮೇಲೆ ಮಳೆ ಹೊಡೆಯುವುದು ಕೇಳುತ್ತಿತ್ತು. ಆಮೇಲೆ ಫೋನು ಯಶೋಧಾಳ ಕೈಗೆ ಹೋಯಿತು. ಬೆಳಿಗ್ಗೆ ನಕ್ಕಿದ್ದ ದನಿ ಅದಲ್ಲ.

“ದಸರಾ ಮಟ ತಡಕೊಳ್ಳಾಕ ಆಗವಲ್ದೇನ್ರಿ ಅಕ್ಕಾರ?” ಎಂದಳು. “ನೀರು ಬಂದ್ರ ಪುಣ್ಯ ಅಂದವ್ರು ನೀವು. ತೊಟ್ಟಿ ಕಟ್ಟಿಸಿದವ್ರು ನೀವು. ಈಗ ಅದ ನೀರಿನ ನೆವ ಹೇಳಿ ಹೊರಗ ಹಾಕಾಕ ನಿಂತೀರಿ. ಈ ಮಳ್ಯಾಗ ಮುದುಕೀನ ಕಟಗೊಂಡು ಎಲ್ಲಿಗೆ ಹೋಗ್ಲಿ, ನೀವ ಹೇಳ್ರಿ.”

ಅವಳು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ. ಆದರೂ ಗೋಡೆಯ ಮಾತು ನೆವವಲ್ಲ ಎಂದೆ. ಮೈಲಾರಲಿಂಗನ ಆಣೆ ಇಟ್ಟೆ, ನನ್ನ ಹೆತ್ತ ಮಗಳ ಆಣೆ ಇಟ್ಟೆ. ಅವಳು, ಪ್ರವಾಸಿಗರ ಸೀಜನ್ ಬಂತೆಂದರೆ ಎಲ್ಲ ಮನೆ ಮಾಲೀಕರಿಗೂ ಇಂಥದೇ ಒಂದು ಭಯ ಬರುತ್ತದೆ, ಒಬ್ಬರಿಗೆ ಗೋಡೆ, ಒಬ್ಬರಿಗೆ ಮಗನ ಮದುವೆ ಎಂದಳು. ಅಷ್ಟು ಹೇಳಿ ಫೋನ್ ಇಟ್ಟಳು.

ಆಮೇಲೆ ಎತ್ತಲಿಲ್ಲ. ನಾನು ಹಚ್ಚುವುದು, ಅದು ಹೊಡೆದುಕೊಂಡು ಹೊಡೆದುಕೊಂಡು ನಿಲ್ಲುವುದು. ಇವರು ತಮ್ಮ ಫೋನಿನಲ್ಲಿ ಮಳೆ ಅನಾಹುತಕ್ಕೆಂದು ಅಲ್ಲಿಯ ಜಿಲ್ಲಾಡಳಿತ ಕೊಟ್ಟಿದ್ದ ನಂಬರು ಹುಡುಕಿ ಮಾತಾಡಿದರು. ಅತ್ತ ಇದ್ದವರು ವಿಳಾಸ ಬರೆದುಕೊಂಡರು, ರಸ್ತೆಗೆ ಮರ ಬಿದ್ದಿದೆ, ಜನ ಬರಲು ತಡವಾಗುತ್ತದೆ, ಮೊದಲು ಮನೆಯಲ್ಲಿದ್ದವರನ್ನು ಹೊರಗೆ ಕಳಿಸಿ ಎಂದರು. ಹೊರಗೆ ಕಳಿಸುವುದೊಂದೇ ನಮ್ಮ ಕೈಯಲ್ಲಿ ಆಗದಿದ್ದ ಕೆಲಸ.

ಆ ಹೊತ್ತಿನಲ್ಲಿ ನಾನು ಗಂಡನಿಗೆ ಆಡಬಾರದ ಮಾತಾಡಿದೆ. ಹಿತ್ತಲಕ್ಕೆ ಹೋಗು ಅಂದೆಯಲ್ಲ, ನಿನಗೆ ಮನೆ ಬೇಕಿತ್ತೋ ಆ ಹುಡುಗ ಬೇಕಿತ್ತೋ ಎಂದು ಏಕವಚನದಲ್ಲಿ ಕೇಳಿದೆ. ಮನೆ ಉಳಿದರೆ ಅವರೂ ಉಳಿಯುತ್ತಾರೆ ಅಂತ ಅಂದೆ ಎಂದರು. ಆಮೇಲೆ, ಮನೆ ಮೊದಲು ಬಂತು ಸುಮಂಗಲಾ, ಬಾಯಿಗೆ ಅದೇ ಮೊದಲು ಬಂತು ಎಂದರು.  ನಮ್ಮ ಓಣಿಗೆ ವಾರಕ್ಕೊಮ್ಮೆ ನಲ್ಲಿ ನೀರು ಬರುವ ದಿನ ಅದು. ಬಂತು. ನಮ್ಮ ಕೊಡಗಳು ಸಾಲಾಗಿ ನಿಂತೇ ಇದ್ದವು. ಮೊದಲ ಕೊಡ ತುಂಬಿ, ಹೊರಚೆಲ್ಲಿ, ಅಂಗಳದಿಂದ ಬೀದಿಗೆ ಹರಿಯತೊಡಗಿತು. ಎದುರುಮನೆಯ ನಾಗಕ್ಕ ಯಾರದು ನೀರು ಪೋಲು ಮಾಡೋರು ಎಂದು ಕೂಗಿದಳು. ಇಬ್ಬರೂ ಏಳಲಿಲ್ಲ.

ಮುಸ್ಸಂಜೆಗೆ ಹುಲುಗೇಶ ಎತ್ತಿದ. ದನಿ ಸಣ್ಣದಾಗಿತ್ತು. ಯಶೋಧಾ ಒಲೆ ಮುಂದಿದ್ದಾಳೆ, ನಾನು ಹಿತ್ತಲ ಬಾಗಿಲಲ್ಲಿ ನಿಂತು ಮಾತಾಡುತ್ತಿದ್ದೇನೆ ಎಂದ. ಕೈಯಲ್ಲಿ ಸುತ್ತಿಗೆ ಇದೆಯಂತೆ. ಹೆಂಡತಿ ನಂಬದಿದ್ದರೂ ಇವನಿಗೆ ಸಮಾಧಾನವಿರಲಿಲ್ಲ.

“ಗ್ವಾಡಿ ಒಳಗ ಯಾರೋ ಬೆರಳು ಮುರದಂಗ ಸಪ್ಪಳ ಆಗ್ತೈತ್ರಿ ಅಕ್ಕಾರ. ಒಂದೆರಡು ಕೊಳವಿ ಬಾಯಿ ಬಿಚ್ಚಿ ಬಂದುಬಿಡ್ಲಾ? ಎಷ್ಟೊತ್ತಿನ ಕೆಲಸ.”

ನಾನು ಬಾಯಿ ತೆರೆಯುವಷ್ಟರಲ್ಲಿ ಇವರು ಕೈ ಚಾಚಿದರು. ಕೊಟ್ಟೆ. ಬಯಲಿನಲ್ಲಿ ಐನೂರು ಮಕ್ಕಳನ್ನು ಒಂದು ಸೀಟಿಗೆ ನಿಲ್ಲಿಸುವ ದನಿ ಅದು. ಈಗ ಪಕ್ಕದಲ್ಲಿದ್ದ ನನಗೇ ಸರಿಯಾಗಿ ಕೇಳಲಿಲ್ಲ. ಸುತ್ತಿಗೆ ಕೆಳಗಿಡು ಎಂದರು. ಇಟ್ಟೆಯಾ ಎಂದರು. ಬಾಗಿಲು ಹಾಕಿಕೊಂಡು ಒಳಗೆ ಹೋಗು, ನಿಮ್ಮವ್ವನ ಕೈಗೆ ಫೋನ್ ಕೊಡು ಎಂದರು.

ಗಾದೆಮ್ಮನಿಗೆ ಕಿವಿ ಮಂದ. ಸ್ಪೀಕರ್ ಹಾಕಿ ಹಿಡಿದರು ಅಂತ ಕಾಣುತ್ತದೆ, ಅವಳ ಉಸಿರು ಕೇಳುತ್ತಿತ್ತು.

“ಏನಪಾ ಮಾಸ್ತರ, ಗಂಗಮ್ಮನ್ನ ಕುಂದ್ರಿಸಿದ ಜಾಗಾ ಬಿಟ್ಟು ಹೋಗು ಅಂತೀಯಂತ?”

“ಕುಂದ್ರಿಸಿಲ್ಲ ಯವ್ವ, ಕಟ್ಟಿಹಾಕೀನಿ,” ಎಂದರು ಇವರು. “ಆಕಿ ತನ್ನ ಪಾಡಿಗೆ ತಾನು ಹತ್ತು ದಾರ್ಯಾಗ ಹೊಂಟಿದ್ಲು. ಒಂದು ಬಿಟ್ಟು ಎಲ್ಲಾ ದಾರಿ ನಾನು ಮುಚ್ಚಿಸೀನಿ. ನನ್ನ ತಪ್ಪು ಅದು. ಈಗ ಆಕಿ ನಿನ್ನ ಗ್ವಾಡಿ ಹಿಂದ ನಿಂತಾಳ.”

ನಾನು ಇವರ ಹತ್ತಿರ ಸರಿದು ಫೋನಿಗೆ ಕಿವಿ ಕೊಟ್ಟೆ. 

“ಹಳ್ಳದ ದಾರಿ ಕಟ್ಟಿದವ ಯಾವನರ ಬದುಕ್ಯಾನೇನಪಾ?” ಎಂದಳು ಗಾದೆಮ್ಮ.

“ಇಲ್ಲ ಯವ್ವ.”

“ಮತ್ತ ಇಷ್ಟು ಓದಿದಾವ, ಇದನ್ನ ಮೊದ್ಲ ಹೇಳಾಕ ನಿನಗೇನಾಗಿತ್ತು. ಗ್ವಾಡಿ ಬೀಳ್ತೈತಿ, ಮನಿ ಬಿಡ್ರಿ ಅಂದ್ರ ಯಾರು ಕೇಳ್ತಾರ.” ಆಮೇಲೆ ಫೋನಿನಿಂದ ಮುಖ ತಿರುಗಿಸಿ ಹೇಳಿದ್ದು ಕೇಳಿಸಿತು. “ಲೇ ಯಶೋಧಾ, ಒಲಿ ಆರಿಸು. ನನ್ನ ಕೋಲು ಕೊಡು.”

ಯಶೋಧಾ ಏನೋ ಅಂದಳು. ಹುಲುಗೇಶ ಏನೋ ಅಂದ. ಕೋಲು ನೆಲಕ್ಕೆ ತಾಗಿದ ಸದ್ದು ಬಂತು, ಫೋನು ನಿಂತಿತು.

ಅವರು ಮೇಲಿನ ರಸ್ತೆಯ ಶಾಲೆಯ ಜಗುಲಿ ಸೇರಿದ್ದಾರೆ ಎಂದು ಹುಲುಗೇಶನಿಂದ ಸಂದೇಶ ಬಂದಾಗ ನಮ್ಮ ಅಂಗಳ ಪೂರ್ತಿ ಕತ್ತಲಾಗಿತ್ತು. ಮತ್ತೆ ಮನೆಗೆ ಇಳಿಯಬೇಡಿ ಎಂದು ಇವರು ಬರೆದರು. ಅದಕ್ಕೆ ಉತ್ತರ ಬರಲಿಲ್ಲ. ಆ ಒಂದು ಉತ್ತರ ಬಾರದ್ದಕ್ಕೆ ರಾತ್ರಿಯೆಲ್ಲ ಏನೇನು ಕಂಡೆನೋ ಹೇಳಲಾರೆ. ಯಶೋಧಾ ಅಕ್ಕಿ ಡಬ್ಬಿ ತರಲು ಮನೆಗೆ ಇಳಿದು ಹೋದಳು, ಹುಲುಗೇಶ ಸಿಲಿಂಡರು ಹೊತ್ತು ತರಲು ಹೋದ, ಗಾದೆಮ್ಮ ಗಂಗಮ್ಮನ ಮುಂದಿನ ದೀಪ ನೋಡಿ ಬರುತ್ತೇನೆಂದು ಕೋಲೂರಿಕೊಂಡು ಒಂದೊಂದೇ ಮೆಟ್ಟಿಲು ಇಳಿದಳು. ಕಣ್ಣು ಮುಚ್ಚಿದರೆ ಇಳಿಯುತ್ತಿದ್ದರು, ತೆರೆದರೂ ಇಳಿಯುತ್ತಿದ್ದರು. ಪಕ್ಕದಲ್ಲಿ ಇವರು ಗೋಡೆಗೆ ಬೆನ್ನು ಕೊಟ್ಟು ಕೂತಿದ್ದರು, ಆಮೇಲೆ ಎದ್ದು ಗೋಡೆಯಿಂದ ದೂರ ಸರಿದು ಕೂತರು.

ಬೆಳಕು ಹರಿದ ಮೇಲೆ ಹುಲುಗೇಶ ವೀಡಿಯೊ ಕಾಲ್ ಮಾಡಿದ. ಮಳೆ ಬಿಟ್ಟಿತ್ತು. ಮೂವರೂ ರಸ್ತೆಯ ಮೇಲೆ, ನಮ್ಮ ಮೆಟ್ಟಿಲಿನ ತಲೆಯ ಹತ್ತಿರ ನಿಂತಿದ್ದರು. ಅವರ ಮೂರೂ ಮುಖ ನೋಡಿ ನನಗೆ ಅಳು ಬಂತು, ತಡೆದುಕೊಂಡೆ. ಯಶೋಧಾ ಗಂಡನ ಕೈಯಿಂದ ಫೋನ್ ತೆಗೆದುಕೊಂಡು ಮನೆಯ ಕಡೆ ತಿರುಗಿಸಿದಳು.

“ನೋಡ್ರಿ ನಿಮ್ಮ ಮನಿ. ಅದು ರಾತ್ರೆಲ್ಲಾ ಆರಾಮ ಮಲಗಿತ್ತು. ನಾವು ಜಗಲಿ ಮ್ಯಾಲ ಚಳಿ ತಿಂದೀವಿ.”

ಮನೆ ನಿಂತಿತ್ತು. ಹಸಿರು ಬಾಗಿಲು, ಅದರ ಬೀಗ, ತಗಡಿನ ಸೂರು, ಹಿಂದೆ ಮಂಜಿನಲ್ಲಿ ಗುಡ್ಡದ ಭುಜ. ಬಿರುಕಿಲ್ಲ, ವಾಲಿಲ್ಲ. ಅದನ್ನು ನೋಡಿ ನನಗೆ ಸಮಾಧಾನವಾಗಬೇಕಿತ್ತು. ಇನ್ನಷ್ಟು ಹೆದರಿಕೆಯಾಯಿತು. ಬಿದ್ದಿದ್ದರೆ ಆ ಮೂವರೂ ನಂಬುತ್ತಿದ್ದರು. ನಿಂತ ಮನೆಯ ಒಳಗೆ ಹೋಗಬೇಡಿ ಎಂದು ಎಷ್ಟು ಸಲ ಹೇಳಲಿ.

ತೊಟ್ಟಿಗೆ ನೀರು ಬೀಳುತ್ತಿದೆಯೇ, ಅಲ್ಲಿಂದಲೇ ಕಿವಿಗೊಟ್ಟು ಹೇಳು ಎಂದು ಇವರು ಹುಲುಗೇಶನನ್ನು ಕೇಳಿದರು. ಅವನು ಕೇಳಿಸಿಕೊಂಡು, ಇಲ್ಲ, ಸದ್ದೇ ಇಲ್ಲ, ನಿಂತುಬಿಟ್ಟಿದೆ, ಮಳೆಯೂ ನಿಂತಿತಲ್ಲ, ಇನ್ನು ಗೋಡೆಗೆ ಹಗುರಾಗಿರಬೇಕು ಎಂದ. ಅವನ ದನಿಯಲ್ಲಿ ಗೆಲುವಿತ್ತು. ಇವರು ನನ್ನ ಕಡೆ ನೋಡಿದರು. ಇಡೀ ವಾರ ಮಳೆ ಕುಡಿದ ಗುಡ್ಡ, ಕೊನೆಯ ಬಾಯಿಯೂ ಮುಚ್ಚಿತು ಅಂದರೆ ಏನರ್ಥವೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ಇವರು ಹುಲುಗೇಶನಿಗೆ ನಿಧಾನವಾಗಿ ಹೇಳಿದರು: ಎಲ್ಲಾದರೂ ಕೋಣೆ ಹಿಡಿ, ಬಾಡಿಗೆ ನಾನು ಕೊಡುತ್ತೇನೆ, ದಸರೆಯ ಮಾತು ಬಿಡು, ನಾನು ಅಲ್ಲಿಗೆ ಬರುವುದಿಲ್ಲ, ಯಾರೂ ಬರುವುದಿಲ್ಲ, ನೀನು ಮಾತ್ರ ಆ ಬೀಗ ತೆಗೆಯಬೇಡ.

ಯಶೋಧಾ ಇದನ್ನೆಲ್ಲ ಕೇಳುತ್ತ ತುಟಿ ಕಚ್ಚಿಕೊಂಡಿದ್ದಳು. ಉಟ್ಟ ಸೀರೆಯಲ್ಲಿ ಬಂದಿದ್ದಳು, ಅಂಚೆಲ್ಲ ಕೆಸರು.

“ಹೋಗಬ್ಯಾಡ ಅಂದ್ರ ಎಷ್ಟು ದಿನ್ರಿ ಅಕ್ಕಾರ? ಅಕ್ಕಿ ಒಳಗೈತಿ. ಅತ್ತಿ ಗುಳಿಗಿ ಒಳಗ ಅದಾವು. ಬಾಗಿಲಾಗ ಹೋಗಿ ಬಾಗಿಲಾಗ ಬರ್ತೀನಿ.”

“ಬ್ಯಾಡವ್ವ. ಗುಳಿಗಿ ಹೆಸರು ನಾ ಹೇಳ್ತೀನಿ, ಅಂಗಡ್ಯಾಗ ತಗೊಳ್ರಿ.”

“ನಾಳೆನೂ ಮನಿ ಹಿಂಗ ನಿಂತಿದ್ರ?”

“ನಿಂತಿದ್ರೂ ಬ್ಯಾಡ.”

ಅವಳು ನನ್ನನ್ನು ನಂಬಿದಳೋ ಇಲ್ಲವೋ ಮುಖದಿಂದ ಗೊತ್ತಾಗಲಿಲ್ಲ. ಫೋನನ್ನು ಹಾಗೇ ಮನೆಯ ಕಡೆ ಹಿಡಿದು ನಿಂತಳು. ಬಾಗಿಲ ಪಕ್ಕದ ಕಟ್ಟೆಯ ಮೇಲೆ ಖಾಲಿ ಪೇಂಟಿನ ಡಬ್ಬಿಗಳಲ್ಲಿ ಮಲ್ಲಿಗೆ ಕಡ್ಡಿ ನೆಟ್ಟಿದ್ದಳು. ಎಲೆಗಳ ಮೇಲೆ ರಾತ್ರಿಯ ಹನಿ ಹಾಗೇ ಇದ್ದವು. ಗಾಳಿ ಇರಲಿಲ್ಲ, ಒಂದು ಎಲೆಯೂ ಅಲುಗುತ್ತಿರಲಿ‌ಲ್ಲ. ನಾವು ನೋಡುತ್ತಿದ್ದ ಹಾಗೆ ತುದಿಯಲ್ಲಿದ್ದ ಡಬ್ಬಿ ಮೆಲ್ಲಗೆ ವಾಲಿ, ಹೊರಳಿ, ಕೆಳಗೆ ಬಿತ್ತು. ಸ್ವಲ್ಪ ಹೊತ್ತಿಗೆ ಅದರ ಪಕ್ಕದ್ದು.